ದೀಪ ದೊಡ್ಡದು ಮಾಡು

ತುಮಕೂರಿನಲ್ಲಿ ಇಪ್ಪತ್ತು ವರ್ಷದ ಹಿಂದೆ ಮನೆ ಕಟ್ಟಿಸಿದವರನ್ನು ಕೇಳಿ ನೋಡಿ, ವೈರಿಂಗ್ ಮಾಡಿದ್ದು ಯಾರು ಎಂದರೆ ಹತ್ತರಲ್ಲಿ ಇಬ್ಬರಾದರೂ ಏಜಾಜ್ ಅಹಮದ್ ಹೆಸರು ಹೇಳುತ್ತಾರೆ. ಹೇಳಿ ನಗುತ್ತಾರೆ. ಏಕೆಂದರೆ ಏಜಾಜ್ ಕೆಲಸಕ್ಕೆ ಬಂದರೆ ಗೋಡೆ ನೋಡುವುದಕ್ಕೆ ಮೊದಲು ಮನೆಯವರ ಕೈ ನೋಡುತ್ತಿದ್ದ. ಮನೆಯೊಡತಿಯನ್ನು ಬಾಗಿಲ ಬಳಿ ನಿಲ್ಲಿಸಿ, "ಕಣ್ಣು ಮುಚ್ಕೊಂಡು ಲೈಟ್ ಹಾಕಿ ಅಮ್ಮ" ಎನ್ನುತ್ತಿದ್ದ. ಎದುರಿಗೆ ಇನ್ನೂ ಸ್ವಿಚ್ಚೇ ಇಲ್ಲದ ಬೋಳು ಗೋಡೆ. ಆಕೆ ನಾಚಿಕೊಂಡು ಕೈ ಚಾಚಿದರೆ, ಬೆರಳು ತಾಗಿದ ಕಡೆ ಸೀಮೆಸುಣ್ಣದಲ್ಲಿ ಒಂದು ಗುರುತು ಹಾಕುತ್ತಿದ್ದ. ಎಂಜಿನಿಯರ್ ಬರೆದ ನಕ್ಷೆ ಏನು ಬೇಕಾದರೂ ಹೇಳಲಿ, ಸ್ವಿಚ್ ಬೋರ್ಡ್ ಕೂರುತ್ತಿದ್ದುದು ಆ ಗುರುತಿನ ಮೇಲೆಯೇ.

ಇದನ್ನು ಅವನಿಗೆ ಕಲಿಸಿದವರು ಅಂತರಸನಹಳ್ಳಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದ ಲಕ್ಷ್ಮೀನರಸಿಂಹಯ್ಯ. ಹತ್ತನೇ ಕ್ಲಾಸಿನಲ್ಲಿ ಗಣಿತ ಕೈಕೊಟ್ಟ ಮೇಲೆ ಏಜಾಜ್ ಅವರ ಅಂಗಡಿ ಸೇರಿ ಆರು ವರ್ಷ ತಾಮ್ರದ ತಂತಿ ಸುತ್ತಿದ. ಮೇಷ್ಟ್ರು ಬಾಯಿಬಡುಕರಲ್ಲ, ಆಡಿದರೆ ಒಂದೇ ಮಾತು. "ಕೈ ಹುಡುಕ್ಕೊಂಡು ಹೋಗ್ಬೇಕಾದ ಸ್ವಿಚ್ಚು ಸ್ವಿಚ್ಚಲ್ಲ ಕಣೋ. ಕೈ ಹೋದ ಕಡೆ ಅದು ಇರ್ಬೇಕು." ಮೇಷ್ಟ್ರು ತೀರಿಕೊಂಡರು, ಮಾತು ಉಳಿಯಿತು. ಉಳಿದು ಏನು ಬಂತು ಭಾಗ್ಯ, ಆಡಬೇಕಾದ ಹೊತ್ತಿನಲ್ಲಿ ಬಾಯಿಗೆ ಬರದಿದ್ದ ಮೇಲೆ? ಆ ಹೊತ್ತಿನ ಕಥೆಯನ್ನೇ ಈಗ ಹೇಳುತ್ತಿರುವುದು.

ಏಜಾಜ್ ಹೊಸದನ್ನು ಕಂಡರೆ ಮೂಗು ಮುರಿಯುವವನಾಗಿರಲಿಲ್ಲ. ಮರದ ಪಟ್ಟಿಯ ಮೇಲೆ ಮೊಳೆ ಹೊಡೆದು ವೈರ್ ಎಳೆಯುವ ಕಾಲದಿಂದ ಬಂದವನು, ಗೋಡೆಯೊಳಗಿನ ಪೈಪಿಗೂ ಒಗ್ಗಿಕೊಂಡ, ಎಲ್‌ಇಡಿಗೂ ಒಗ್ಗಿಕೊಂಡ. ಫೋನಿನಿಂದ ದೀಪ ಹತ್ತಿಸುವ ಕಾಲ ಬಂದಾಗ, ಐವತ್ತು ದಾಟಿದ ಕಣ್ಣಿಗೆ ಕನ್ನಡಕ ಏರಿಸಿ ಅದನ್ನೂ ಕಲಿತ. ಆಳು ಓಡಾಡಿದರೆ ತಾನೇ ಹತ್ತಿ, ಇಲ್ಲದಿದ್ದರೆ ತಾನೇ ಆರುವ ಸೆನ್ಸರ್ ಮಾರುಕಟ್ಟೆಗೆ ಬಂದಾಗ, ಊರವರಿಗೆ ಹಾಕುವ ಮೊದಲು ಪಿ.ಎಚ್. ಕಾಲೋನಿಯ ತನ್ನ ಮನೆಯ ಬಚ್ಚಲಿಗೇ ಹಾಕಿ ನೋಡಿದ. ಎರಡನೇ ದಿನವೇ ಹೆಂಡತಿ ಜಮಾಲುನ್ನೀಸಾ ಒಳಗಿನಿಂದ ಕಿರುಚಿಕೊಂಡಳು. ಕಾಲಿಗೆ ಎಣ್ಣೆ ಹಚ್ಚಿಕೊಂಡು ಸುಮ್ಮನೆ ಕೂತಿದ್ದವಳ ನೆತ್ತಿಯ ಮೇಲೆ ಕತ್ತಲು ಬಿದ್ದಿತ್ತು.

"ನಿಮ್ಮ ಡಬ್ಬಿಗೆ ನಾನು ಕುಣೀತಾ ಇರ್ಬೇಕಾ?" ಎಂದು ಆಕೆ ಹೊರಗೆ ಬಂದು ಜಾಡಿಸಿದಳು.

ಏಜಾಜ್ ನಕ್ಕನಾದರೂ ಅಂದೇ ಒಂದು ವಿಷಯ ತಿಳಿದುಕೊಂಡ. ಈ ಡಬ್ಬಿಗೆ ಮನುಷ್ಯ ಕಾಣುವುದಿಲ್ಲ, ಮನುಷ್ಯನ ಅಲುಗಾಟ ಮಾತ್ರ ಕಾಣುತ್ತದೆ. ಅಲ್ಲಿಂದ ಮುಂದೆ ಯಾರು ಕೇಳಿದರೂ ಅವನ ಉತ್ತರ ಒಂದೇ. ನಡೆಯುವ ಜಾಗಕ್ಕೆ ಸೆನ್ಸರ್ ಹಾಕಿಸಿ, ಕೂರುವ ಜಾಗಕ್ಕೆ ಬೇಡ.

ಗುಬ್ಬಿಯ ಹೊರಗಿನ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸುತ್ತಿದ್ದ ಲಕ್ಷ್ಮೀಕಾಂತ್‌ಗೂ ಇದನ್ನೇ ಹೇಳಿದ್ದ. ಲಕ್ಷ್ಮೀಕಾಂತ್ ಬಿದರೆಹಳ್ಳಿ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆಯ ನೌಕರ. ಕೆಟ್ಟವನಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ತಾಯಿ ಭದ್ರಮ್ಮನನ್ನು ಕುಣಿಗಲ್ ಕಡೆಯ ಅಮೃತೂರಿನಿಂದ ಕರೆತಂದು ಜೊತೆಯಲ್ಲೇ ಇಟ್ಟುಕೊಂಡಿದ್ದ, ಬಿಪಿ ಮಾತ್ರೆ ಮುಗಿಯುವ ಮೊದಲೇ ತಂದಿಡುತ್ತಿದ್ದ. ಆದರೆ ಕರೆಂಟಿನ ವಿಷಯಕ್ಕೆ ಬಂದರೆ ಮನುಷ್ಯ ಬೇರೆಯೇ. ಸರ್ಕಾರ ಪುಕ್ಕಟೆ ಕೊಡುವ ಇನ್ನೂರು ಯೂನಿಟ್ಟಿನ ಗೆರೆ ದಾಟುವುದೆಂದರೆ ಅವನಿಗೆ ಮನೆತನದ ಮಾನ ಹೋದಷ್ಟು ಸಂಕಟ. ಬಾಡಿಗೆ ಮನೆಯಲ್ಲಿದ್ದಾಗ ಸಂಜೆಯಾಯಿತೆಂದರೆ ಭದ್ರಮ್ಮ ಎಲ್ಲ ಕೋಣೆಗಳ ದೀಪ ಹಾಕಿಬಿಡುತ್ತಿದ್ದಳು. ಮುಸ್ಸಂಜೆಯಲ್ಲಿ ಮನೆ ಕತ್ತಲಿರಬಾರದು ಎಂಬುದು ಅವಳ ಶಾಸ್ತ್ರ. ಮಗ ಹಿಂದಿನಿಂದ ಒಂದೊಂದಾಗಿ ಆರಿಸುತ್ತಾ ಬರುತ್ತಿದ್ದ. ಹೊಸ ಮನೆಯಲ್ಲಿ ಈ ಓಡಾಟವೇ ಬೇಡವೆಂದು ಅವನು ತೀರ್ಮಾನಿಸಿದ್ದ.

ಗಾರೆ ಕೆಲಸ ಮುಗಿದ ಒಂದು ಭಾನುವಾರ ಮೂವರೂ ಆ ಮನೆಯಲ್ಲಿ ನಿಂತಿದ್ದರು. ಲಕ್ಷ್ಮೀಕಾಂತ್ ಕೈಯಲ್ಲಿ ಫೋನು, ಫೋನಿನಲ್ಲಿ ಉದ್ದನೆಯ ಪಟ್ಟಿ. ಭದ್ರಮ್ಮ ಒಂದು ಸಿಮೆಂಟ್ ಚೀಲದ ಮೇಲೆ ಕೂತಿದ್ದಳು.

"ಹಾಲಿಗೆ ಡಿಮ್ಮರ್ ಹಾಕೋಣ ಸಾರ್, ಬೇಕಾದಾಗ ಬೆಳಕು ಕಮ್ಮಿ ಮಾಡ್ಕೋಬೋದು. ಆದ್ರೆ ಡಿಮ್ಮರ್‌ಗೆ ಅಂತಲೇ ಬರೋ ಬಲ್ಬ್ ತನ್ನಿ. ಮಾಮೂಲಿ ಎಲ್‌ಇಡಿ ಹಾಕಿದ್ರೆ ಮಿಣಮಿಣ ಅಂತ ಕಣ್ಣು ಹೊಡೀತದೆ" ಎಂದ ಏಜಾಜ್. "ಗೇಟಿಗೆ ಕತ್ತಲಾದಾಗ ತಾನೇ ಹತ್ತೋದು ಹಾಕ್ತೀನಿ. ಮೆಟ್ಟಿಲು, ಪ್ಯಾಸೇಜು, ಇವಕ್ಕೆಲ್ಲ ಸೆನ್ಸರ್. ಕೂರೋ ರೂಮಿಗೆ, ಮಲಗೋ ರೂಮಿಗೆ ಮಾತ್ರ ಸ್ವಿಚ್ಚೇ ಇರ್ಲಿ ಸಾರ್."

ಲಕ್ಷ್ಮೀಕಾಂತ್ ಎಲ್ಲಕ್ಕೂ ತಲೆಯಾಡಿಸಿದ. ತನ್ನ ರೂಮಿಗೆ ಸ್ವಿಚ್, ಮಗಳು ಇಂಪನಾ ಓದುವ ಕೋಣೆಗೆ ಸ್ವಿಚ್. ಕೊನೆಗೆ ಮೆಟ್ಟಿಲ ಕೆಳಗಿನ ಕೋಣೆಗೆ ಬಂದರು. ನಕ್ಷೆಯಲ್ಲಿ ಅದು ಸ್ಟೋರ್ ರೂಮ್. ಮಂಡಿ ನೋವಿನ ಭದ್ರಮ್ಮನಿಗೆ ಮೆಟ್ಟಿಲು ಹತ್ತಲಾಗುವುದಿಲ್ಲವೆಂದು ಅದನ್ನೇ ಅವಳಿಗೆ ಮಾಡಿದ್ದರು. ಕಿಟಕಿ ಇರಲಿಲ್ಲ. ಹಾಡಹಗಲಲ್ಲೂ ಅಲ್ಲಿ ದೀಪ ಬೇಕು.

ಏಜಾಜ್ ಎಂದಿನಂತೆ ಕೇಳಿದ. "ಅಮ್ಮ, ಕಣ್ಣು ಮುಚ್ಕೊಂಡು ಕೈ ಚಾಚಿ. ಸ್ವಿಚ್ ಎಲ್ಲಿಗೆ ಬರ್ಬೇಕು?"

ಭದ್ರಮ್ಮ ಎದ್ದು ಬಂದಳು. ಬಾಗಿಲ ಬಳಿ ನಿಲ್ಲದೆ ನೇರ ಒಳಗಿನ ಮೂಲೆಗೆ ಹೋಗಿ ಗೋಡೆಗೆ ಅಂಗೈ ಒತ್ತಿದಳು.

"ಮಂಚ ಇಲ್ಲಿ ಹಾಕ್ತಾರಂತೆ ಸಾಬ್ರೇ. ಇಲ್ಲೇ ಒಂದು ಗುಂಡಿ ಮಡಗ್ಬುಡು. ಮನೀಕಳೋ ಹೊತ್ತಲ್ಲಿ ದೀಪ ದೊಡ್ಡದು ಮಾಡಕ್ಕೆ ಅಂತ ಎದ್ದೋಗಂಗೆ ಆಗ್ಬಾರ್ದು. ಮಂಡಿ ಕೇಳಾಕಿಲ್ಲ."

ಏಜಾಜ್ ಸೀಮೆಸುಣ್ಣದಲ್ಲಿ ಗುರುತು ಹಾಕಿದ. ಲಕ್ಷ್ಮೀಕಾಂತ್ ಫೋನಿನಲ್ಲಿ ಬರೆದುಕೊಳ್ಳುತ್ತಾ ಹೇಳಿದ. "ದೊಡ್ಡದು ಮಾಡೋಕಾ? ಸರಿ ಅಮ್ಮ. ಏಜಾಜ್ ಭಾಯ್, ಅಮ್ಮಂಗೆ ಕಣ್ಣು ಮಂಜು. ಈ ರೂಮಿಗೆ ಇರೋದ್ರಲ್ಲೇ ಜಾಸ್ತಿ ವ್ಯಾಟಿನ ಬಲ್ಬ್ ಹಾಕಿ, ದೊಡ್ಡದಾಗೇ ಉರೀಲಿ. ಆದ್ರೆ ಸ್ವಿಚ್ ಬೇಡ, ಸೆನ್ಸರ್. ಆಫ್ ಮಾಡೋದು ಅಮ್ಮಂಗೆ ನೆನಪೇ ಇರಲ್ಲ. ಎರಡು ನಿಮಿಷ ಟೈಮ್ ಇಡಿ ಸಾಕು. ನನ್ ಫೋನಿಗೂ ಜೋಡಿಸಿ, ಅಮ್ಮ ಓಡಾಡೋದು ಅಲ್ಲೇ ಕಾಣ್ಲಿ."

ಅಮೃತೂರಿನ ಕಡೆಯ ಹಳಬರು ದೀಪ ಆರಿಸು ಎನ್ನುವುದಿಲ್ಲ. ಆ ಮಾತು ಮನೆಗೆ ಅಪಶಕುನ. ಆರಿಸು ಎನ್ನಬೇಕಾದಲ್ಲೆಲ್ಲ ದೊಡ್ಡದು ಮಾಡು ಎನ್ನುತ್ತಾರೆ. ಹಾಸ್ಟೆಲುಗಳಲ್ಲಿ ಓದಿ ಬೆಳೆದ ಮಗನಿಗೆ ತಾಯಿಯ ಈ ಮಾತು ಗೊತ್ತಿರಲಿಲ್ಲ. ಗೊತ್ತಿದ್ದುದು ಏಜಾಜ್‌ಗೆ. ಅವನ ತಾಯಿ ಬುಡ್ಡಿ ದೀಪದ ಕಾಲದವಳು. ಊದಿ ಆರಿಸು ಎಂದು ಹೇಳದೆ "ಚಿರಾಗ್ ಬಢಾ ದೇ ಬೇಟಾ" ಎನ್ನುತ್ತಿದ್ದಳು. ಅದರ ಅರ್ಥವೂ ದೀಪ ಹೆಚ್ಚು ಮಾಡು ಎಂದೇ. ಚಿಕ್ಕಂದಿನಲ್ಲಿ ಒಮ್ಮೆ ಅವನು ಬತ್ತಿಯನ್ನು ನಿಜವಾಗಿಯೂ ಏರಿಸಿ, ಗಾಜು ಮಸಿಯಾಗಿ, ಬೆನ್ನಿಗೆ ಏಟು ತಿಂದಿದ್ದ. ಹೀಗಾಗಿ ಗೋಡೆಗೆ ಕೈಯೊತ್ತಿ ನಿಂತ ಮುದುಕಿ ಕೇಳುತ್ತಿರುವುದು ಆರಿಸುವ ಗುಂಡಿಯನ್ನು ಎಂಬುದು ಆ ಕೋಣೆಯಲ್ಲಿದ್ದವರಲ್ಲಿ ಅವನೊಬ್ಬನಿಗೇ ತಿಳಿಯಿತು.

ಹೇಳಬಹುದಿತ್ತು. ಒಂದು ವಾಕ್ಯ ಸಾಕಿತ್ತು. ಆದರೆ ಅರ್ಧ ಗಂಟೆ ಮುಂಚೆ ಲಕ್ಷ್ಮೀಕಾಂತ್ ಇನ್ನೊಂದು ಮಾತು ಆಡಿದ್ದ. "ನಮ್ಮ ಫ್ಯಾಕ್ಟರಿಯೋರು ಮೂವತ್ತು ಜನ ಇದೇ ಲೇಔಟಲ್ಲಿ ಸೈಟ್ ತಗೊಂಡಿದಾರೆ. ನಿಮ್ಮ ನಂಬರ್ ಎಲ್ರಿಗೂ ಕೊಡ್ತೀನಿ." ಹೊಸ ಹುಡುಗರು ಬಂದು ಏಜಾಜ್‌ಗೆ ಕೆಲಸ ಕಡಿಮೆಯಾಗಿದ್ದ ಕಾಲ ಅದು. ಮೂವತ್ತು ಮನೆ ಎಂಬ ಮಾತು ಅವನ ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿತ್ತು. ಮಾಲೀಕನಿಗೆ ಅವನ ತಾಯಿಯ ಭಾಷೆಯನ್ನು ತಾನು ಕಲಿಸಿಕೊಟ್ಟಂತಾದರೆ? ಆಸೆ ಎನ್ನಿ, ಪುಕ್ಕಲು ಎನ್ನಿ, ಎರಡೂ ಹೌದು. "ಆಗ್ಲಿ ಸಾರ್" ಎಂದ. ಎಂದು, ತಾನೇ ಹಾಕಿದ್ದ ಗುರುತನ್ನು ಅಂಗಿಯ ತೋಳಿನಿಂದ ಒರೆಸಿದ.

ಭದ್ರಮ್ಮ ಅವನ ತೋಳನ್ನು ನೋಡಿದಳು, ಮುಖವನ್ನೂ ನೋಡಿದಳು.

ಗೃಹಪ್ರವೇಶದ ದಿನ ಊಟದ ಪಂಕ್ತಿಯಲ್ಲಿದ್ದವನ ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ಸಾಬ್ರೇ, ಗುಂಡಿ ಎಲ್ಲಪ್ಪ? ಗೋಡೆ ಎಲ್ಲ ತಡಕಾಡ್ಬುಟ್ಟೆ."

"ಮುಂದಿನ ವಾರ ಬಂದು ಹಾಕ್ಕೊಡ್ತೀನಿ ಅಮ್ಮ" ಎಂದ ಏಜಾಜ್.

ಮರುದಿನವೇ ಒಂದು ಬೆಡ್ ಸ್ವಿಚ್ ಕೊಂಡ. ವೈರಿನ ತುದಿಯಲ್ಲಿ ನೇತಾಡುವ, ಅಂಗೈಯಲ್ಲಿ ಹಿಡಿದು ಹೆಬ್ಬೆರಳಲ್ಲಿ ಒತ್ತುವ, ಹಳೇ ಕಾಲದ ಬಡ ಸ್ವಿಚ್. ಅದನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟುಕೊಂಡ. ಮುಂದಿನ ವಾರ ಕಳೆಯಿತು, ಮುಂದಿನ ತಿಂಗಳು ಕಳೆಯಿತು. ಮಾಲೀಕ ಬೇಡವೆಂದ ಸ್ವಿಚ್ಚನ್ನು ಮಾಲೀಕನಿಲ್ಲದಾಗ ಹೋಗಿ ಹಾಕುವುದು ಹೇಗೆ, ಇದ್ದಾಗ ಹೋಗಿ ಏನೆಂದು ಹೇಳುವುದು ಎಂದು ಲೆಕ್ಕ ಹಾಕುತ್ತಲೇ ಐದು ತಿಂಗಳು ದೂಡಿದ. ಅಷ್ಟರಲ್ಲಿ ಆ ಮೂವತ್ತು ಮನೆಯ ಕೆಲಸವನ್ನು ಬೆಂಗಳೂರಿನ ಯಾವುದೋ ಕಂಟ್ರಾಕ್ಟರ್ ಒಟ್ಟಿಗೆ ಹಿಡಿದುಕೊಂಡ. ಏಜಾಜ್‌ಗೆ ಒಂದು ಮನೆಯೂ ಸಿಗಲಿಲ್ಲ. ಅತ್ತ ದರಿ ಇತ್ತ ಪುಲಿ ಎನ್ನುತ್ತಾರಲ್ಲ, ಅವನಿಗೆ ಅದೂ ಅಲ್ಲ. ದರಿಯನ್ನು ತಾನೇ ತೋಡಿಕೊಂಡು ಇಳಿದಿದ್ದ.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಲಕ್ಷ್ಮೀಕಾಂತನ ಫೋನು ಬಂತು.

"ಏಜಾಜ್ ಭಾಯ್, ಫ್ಯಾಮಿಲಿ ಕರ್ಕೊಂಡು ಊಟಿಗೆ ಬಂದಿದೀವಿ. ಅಮ್ಮನ ರೂಮಿನ ಸೆನ್ಸರ್ ಕೆಟ್ಟೋಗಿದೆ ಕಣ್ರೀ. ನಿನ್ನೆ ಬೆಳಿಗ್ಗೆಯಿಂದ ಫೋನಲ್ಲಿ ಮೂಮೆಂಟ್ ಝೀರೋ ಅಂತ ತೋರಿಸ್ತಿದೆ. ಗ್ಯಾರಂಟಿ ಇದೆಯಲ್ಲ, ಹೋಗಿ ಬದಲಾಯಿಸಿಬಿಡಿ."

ಏಜಾಜ್ ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟ. "ಸಾರ್, ಮನೇಲಿ ಅಮ್ಮ ಒಬ್ರೇನಾ?"

"ಹೂಂ. ಮಂಡಿ ನೋವಲ್ಲಿ ಘಾಟ್ ರೋಡ್ ಎಲ್ಲ ಅವರಿಗೆ ಆಗಲ್ಲ. ನನ್ ಹೆಂಡ್ತಿ ಮಾನಸಾ ಮೂರು ದಿನಕ್ಕಾಗೋಷ್ಟು ಅಡಿಗೆ ಮಾಡಿಟ್ಟಿದಾಳೆ."

"ಅಮ್ಮಂಗೆ ಒಂದು ಫೋನ್ ಮಾಡಿದ್ರಾ ಸಾರ್?"

"ಅವರಿಗೆ ಫೋನಲ್ಲಿ ಸರಿಯಾಗಿ ಕೇಳಿಸಲ್ಲ, ಎತ್ತೋದೂ ಇಲ್ಲ. ಅದಕ್ಕೇ ಅಲ್ವೇನ್ರೀ ಸೆನ್ಸರ್ ಹಾಕ್ಸಿದ್ದು? ಬಾಗಿಲಿನ ಲಾಕ್ ನಂಬರ್ ಮೆಸೇಜ್ ಮಾಡ್ತೀನಿ, ಒತ್ತಿದ್ರೆ ತಕ್ಕೊಳುತ್ತೆ."

ತುಮಕೂರಿನಿಂದ ಗುಬ್ಬಿಗೆ ಇಪ್ಪತ್ತು ಕಿಲೋಮೀಟರ್. ಆ ದಾರಿಯುದ್ದಕ್ಕೂ ಏಜಾಜ್ ಗೊತ್ತಿದ್ದ ದುವಾಗಳನ್ನೆಲ್ಲ ಹೇಳಿಕೊಂಡ. ಡಬ್ಬಿ ಕೆಟ್ಟಿರಲಿ, ಡಬ್ಬಿಯೇ ಕೆಟ್ಟಿರಲಿ. ತಾನು ಮಾರಿದ ಒಂದು ಸಾಮಾನು ಕೆಟ್ಟಿರಲಿ ಎಂದು ಅವನು ಜನ್ಮದಲ್ಲಿ ಬೇಡಿಕೊಂಡದ್ದು ಅದೊಂದೇ ಸಲ.

ಬಡಾವಣೆಯಲ್ಲಿ ಸುತ್ತಮುತ್ತ ಖಾಲಿ ಸೈಟುಗಳು, ಕೂಗಿದರೆ ಓಗೊಡುವ ಮನೆಯಿಲ್ಲ. ಬಾಗಿಲು ಬಡಿದ. ಉತ್ತರವಿಲ್ಲ. ನಂಬರ್ ಒತ್ತಿ ಒಳಗೆ ಹೋದ. ಪ್ಯಾಸೇಜಿನಲ್ಲಿ ಹೆಜ್ಜೆ ಇಟ್ಟೊಡನೆ ದೀಪ ಹತ್ತಿಕೊಂಡಿತು, ಅವನೇ ಹಾಕಿದ ಸೆನ್ಸರಿನ ದೀಪ. ಮೆಟ್ಟಿಲ ಕೆಳಗಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕತ್ತಲು. "ಅಮ್ಮಾ" ಎಂದು ಕರೆದು ಹೊಸ್ತಿಲು ದಾಟಿದ. ದೀಪ ಹತ್ತಲಿಲ್ಲ. ಟಾರ್ಚ್ ಬಿಟ್ಟ. ಮಂಚದ ಮೇಲೆ ಗೋಡೆಗೆ ಒರಗಿ ಭದ್ರಮ್ಮ ಕೂತಿದ್ದಳು. ಮಡಿಲಲ್ಲಿ ಹತ್ತಿ, ಪಕ್ಕದ ತಟ್ಟೆಯಲ್ಲಿ ಹೊಸೆದಿಟ್ಟ ಬತ್ತಿಗಳು. ಕಣ್ಣು ಮುಚ್ಚಿತ್ತು.

ಬೆಳಕು ಮುಖಕ್ಕೆ ಬಿದ್ದೊಡನೆ ತೂಕಡಿಕೆ ಹರಿದು ಆ ಕಣ್ಣು ಕಿರಿದಾಗಿ ತೆರೆಯಿತು. "ಯಾರು? ಸಾಬ್ರಾ?"

ಏಜಾಜ್ ಹೊಸ್ತಿಲ ಮೇಲೆ ಕೂತುಬಿಟ್ಟ. ಐವತ್ತು ದಾಟಿದ ಗಂಡಸು ಬೇರೆಯವರ ಮನೆಯಲ್ಲಿ ಹೀಗೆ ಅಳಬಾರದು, ಆದರೂ ಅತ್ತ. ಅವನು ಮುಖ ಒರೆಸಿಕೊಂಡು ಬಾಗಿಲ ಮೇಲಿನ ಸೆನ್ಸರಿಗೆ ಟಾರ್ಚ್ ತಿರುಗಿಸಿದ. ಅದರ ಬಿಳಿಯ ಗಾಜುಗಣ್ಣಿನ ಮೇಲೆ ಕಪ್ಪಗೆ ಏನೋ ಮೆತ್ತಿತ್ತು. ಹತ್ತಿರ ಹೋಗಿ ನೋಡಿದರೆ ರಾಗಿ ಮುದ್ದೆ. ಒಣಗಿ ಕಲ್ಲಾಗಿತ್ತು. ಜೇಡರ ಬಲೆ ಹೊಡೆಯುವ ಕೋಲು ಪಕ್ಕದಲ್ಲೇ ಒರಗಿತ್ತು, ಅದರ ತುದಿಯಲ್ಲೂ ರಾಗಿ ಹಿಟ್ಟು.

"ಯಾಕಮ್ಮ ಹಿಂಗ್ ಮಾಡಿದ್ರಿ?"

"ಇನ್ನೇನ್ ಮಾಡ್ಲಪ್ಪ? ಬತ್ತಿ ಹೊಸೀತಾ ಕೂತ್ರೆ ಕತ್ತಲು. ಕೈ ಮೇಲೆತ್ತಿ ಬೀಸ್ಬೇಕು, ಇವ್ಳು ಬದುಕವ್ಳೆ ಅಂತ ಅದಕ್ಕೆ ತೋರಿಸ್ಬೇಕು. ಮನೀಕಂಡು ಮಗ್ಗುಲು ತಿರುಗಿದ್ರೆ ಜಗ್ ಅಂತ ಹತ್ಕೋತದೆ. ಬೇಕು ಅಂದಾಗ ಇಲ್ಲ, ಬ್ಯಾಡ ಅಂದಾಗ ಬುಡಾಕಿಲ್ಲ. ಐದು ತಿಂಗಳು ಕೈ ಬೀಸಿದೀನಿ ಕಣಪ್ಪ, ಸಾಕಾಗೋಯ್ತು."

ಅವಳೇ ಮುಂದುವರಿಸಿದಳು. "ಹೋಗೋವಾಗ ಹೇಳ್ದ. ನೀನು ಓಡಾಡಿದ್ರೆ ನನ್ ಫೋನಲ್ಲಿ ಕಾಣ್ತದೆ ಕಣಮ್ಮ, ಹೆದ್ರಬೇಡ ಅಂದ. ಅಲ್ಲಾಡ್ದೆ ಹೋದ್ರೆ ಏನ್ಮಾಡ್ತೀಯ ಮಗ ಅಂದೆ. ಓಡ್ಬರ್ತೀನಿ ಅಂದ." ತಟ್ಟೆಯ ಬತ್ತಿಗಳನ್ನು ಒಂದು ಕಡೆಗೆ ಸರಿಸಿದಳು. "ಬರ್ತಾನೇನೋ ನೋಡಾನ ಅಂತ ಮೆತ್ತಿದೆ. ನೆನ್ನೆ ಎಲ್ಲ ಕಾದೆ. ನೀನ್ ಬಂದೆ."

ಏಜಾಜ್ ಎದ್ದ. ಹೊರಗೆ ಹೋಗಿ ಡಿಕ್ಕಿಯಿಂದ ಬೆಡ್ ಸ್ವಿಚ್ ತಂದ. ಐದು ತಿಂಗಳ ಧೂಳು ಅದರ ಮೇಲೆ. ಮೇನ್ ಆಫ್ ಮಾಡಿ, ಮಾಲೀಕನ ಸೆನ್ಸರನ್ನು ಕೀಳದೆ ಅದರ ಕೆಳಗಿಂದ ವೈರ್ ಎಳೆದು, ಗೋಡೆಗುಂಟ ಮೊಳೆ ಹೊಡೆದು ಮಂಚದ ತಲೆಯ ಹತ್ತಿರ ಇಳಿಬಿಟ್ಟ. ಹೊಸ ಬಣ್ಣದ ಗೋಡೆಯ ಮೇಲೆ ವೈರ್ ಅಸಹ್ಯವಾಗಿ ಕಾಣುತ್ತಿತ್ತು. ಕಾಣಲಿ ಎಂದುಕೊಂಡ. ಕೆಲಸ ಮಾಡುತ್ತಲೇ, ಬೆನ್ನು ತಿರುಗಿಸಿಕೊಂಡೇ ಹೇಳಿದ.

"ಆವತ್ತು ನೀವು ಹೇಳಿದ್ದು ನಂಗೆ ಅರ್ಥ ಆಗಿತ್ತು ಅಮ್ಮ. ನಮ್ಮಮ್ಮನೂ ಹಂಗೇ ಅಂತಿದ್ರು."

"ಗೊತ್ತು ಕಣಪ್ಪ. ನಿನ್ ಮೊಕ ನೋಡಿದ್ನಲ್ಲ" ಎಂದಳು ಭದ್ರಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಒದ್ದೆ ಬಟ್ಟೆಯಿಂದ ಸೆನ್ಸರಿನ ರಾಗಿಯನ್ನು ಉಜ್ಜಿ ತೆಗೆದು ಮೇನ್ ಹಾಕಿದ. ದೀಪ ಜಗ್ಗನೆ ಹತ್ತಿತು. ಸ್ವಿಚ್ಚನ್ನು ಭದ್ರಮ್ಮನ ಅಂಗೈಗಿಟ್ಟು ಬೆರಳು ಮಡಚಿದ. ಅವಳು ಅದನ್ನು ಒತ್ತಲಿಲ್ಲ, ಹಿಡಿದುಕೊಂಡು ಕೂತಳು. ಏಜಾಜ್ ಲಕ್ಷ್ಮೀಕಾಂತ್‌ಗೆ ಫೋನ್ ಮಾಡಿ, ಕೈಯಲ್ಲಿ ಸ್ಕ್ರೂಡ್ರೈವರ್ ಇದ್ದುದರಿಂದ ಸ್ಪೀಕರಿಗೆ ಹಾಕಿ ಮಂಚದ ಮೇಲಿಟ್ಟ.

"ಸಾರ್, ನೋಡಿ ಈಗ" ಎಂದು ಸೆನ್ಸರಿನ ಮುಂದೆ ಕೈಯಾಡಿಸಿದ.

"ಹಾಂ ಹಾಂ, ಬಂತು ಬಂತು!" ಲಕ್ಷ್ಮೀಕಾಂತನ ದನಿಯಲ್ಲಿ ಸಂತೋಷ ತುಂಬಿತ್ತು. "ಅಮ್ಮ ಓಡಾಡ್ತಿದ್ದಾರೆ, ಕಾಣ್ತಾ ಇದೆ."

"ಅದು ಅಮ್ಮ ಅಲ್ಲ ಸಾರ್. ಕೈ ಆಡಿಸ್ತಿರೋದು ನಾನು. ಅಮ್ಮ ಸುಮ್ನೆ ಕೂತಿದ್ದಾರೆ."

"ಯಾರಾದ್ರೇನ್ರೀ, ಸೆನ್ಸರ್ ವರ್ಕ್ ಆಗ್ತಿದೆಯಲ್ಲ, ಅಷ್ಟೇ ತಾನೇ ಬೇಕಾಗಿದ್ದು."

"ಸಾರ್, ಇಲ್ಲೇ ಇದ್ದಾರೆ. ಒಂದ್ ಮಾತು ಆಡಿ."

"ಅಯ್ಯೋ, ಅವರಿಗೆ ಕೇಳಿಸಲ್ಲ ಕಣ್ರೀ. ಇಲ್ಲಿ ಬೋಟಿಂಗ್ ಕ್ಯೂ ಮುಂದೆ ಹೋಗ್ತಿದೆ. ನಾಳಿದ್ದು ಬರ್ತೀವಲ್ಲ, ಬಂದ್ಮೇಲೆ ಮಾತಾಡ್ತೀನಿ." ಫೋನ್ ಕಟ್ಟಾಯಿತು.

ಭದ್ರಮ್ಮನಿಗೆ ಎಲ್ಲವೂ ಕೇಳಿಸಿತ್ತು. ಮಗನ ದನಿ ಮೊದಲು ಬಂದಾಗ ಫೋನಿನ ಕಡೆ ಬಾಗಿದ್ದವಳು ಈಗ ಮತ್ತೆ ಗೋಡೆಗೆ ಒರಗಿದಳು. ಮುಷ್ಟಿಯಲ್ಲಿದ್ದ ಸ್ವಿಚ್ಚನ್ನು ನೋಡಿದಳು. ಅದನ್ನು ಏಜಾಜ್ ಕಡೆ ಚಾಚಿದಳು.

"ತಕ್ಕಳಪ್ಪ. ಈಗ ನಂಗ್ಯಾಕೆ ಇದು." ಅವನು ತೆಗೆದುಕೊಂಡ ಮೇಲೆ, ಎಪ್ಪತ್ತನಾಲ್ಕು ವರ್ಷ ಬಾಯಿಗೆ ತಂದುಕೊಳ್ಳದಿದ್ದ ಮಾತನ್ನು ಆಡಿದಳು. "ಆರ್ಸ್ಬುಡು."

ಏಜಾಜ್ ಹೆಬ್ಬೆರಳು ಗುಂಡಿಯ ಮೇಲಿಟ್ಟ. ಒತ್ತಲು ಆಗಲಿಲ್ಲ. ಅಲ್ಲಾಡದೆ ನಿಂತ. ಮಂಚದ ಮೇಲೆ ಭದ್ರಮ್ಮನೂ ಅಲ್ಲಾಡಲಿಲ್ಲ. ಎರಡು ನಿಮಿಷಕ್ಕೆ ಸರಿಯಾಗಿ, ಕೋಣೆಯಲ್ಲಿ ಯಾರೂ ಇಲ್ಲವೆಂದುಕೊಂಡು ದೀಪ ತಾನೇ ಆರಿತು.